ಹಾಯಿದೋಣಿಯ ಕೆಲಸ ಕರಾವಳಿಯವರಿಗೆ ಮಾತ್ರವೇ?

ಪ್ರಚಲಿತ ವಿದ್ಯಮಾನಗಳ ಪುಸ್ತಕ ಹಿಡಿದು ಕುಳಿತ ಯಾರನ್ನೇ ಕೇಳಿ, ಐಎನ್‌ಎಸ್‌ವಿ ತಾರಿಣಿ ಎಂದ ಕೂಡಲೇ ಉತ್ತರ ಬರುತ್ತದೆ. ನೌಕಾಪಡೆಯ ಲೆಫ್ಟಿನೆಂಟ್ ಕಮಾಂಡರ್ ದಿಲ್ನಾ ಕೆ. ಮತ್ತು ಲೆಫ್ಟಿನೆಂಟ್ ಕಮಾಂಡರ್ ರೂಪಾ ಎ. 2024ರ ಅಕ್ಟೋಬರ್ 2ರಂದು ಗೋವಾದಿಂದ ಹೊರಟರು. ಇಬ್ಬರೇ ಹಾಯಿದೋಣಿ ನಡೆಸಿ ಭೂಮಿಗೆ ಒಂದು ಸುತ್ತು ಹಾಕಿ 2025ರ ಮೇ 29ರಂದು ಮರಳಿದರು. ಕೌಂಡಿನ್ಯ ಎಂದರೂ ಉತ್ತರ ಸಿದ್ಧ. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಆ ಹಡಗು 2025ರ ಮೇ 21ರಂದು ನಮ್ಮ ಕಾರವಾರದಲ್ಲೇ ನೌಕಾಪಡೆ ಸೇರಿತು. ಅದರ ಹಾಯಿಯ ಮೇಲೆ ಗಂಡಭೇರುಂಡವಿದೆ. ಇನ್ನು 2024ರ ಸೆಪ್ಟೆಂಬರ್ 30ರಂದು ಕೇಂದ್ರ ಸರ್ಕಾರ ಮುಂಬೈನಲ್ಲಿ ಆರಂಭಿಸಿದ ಕ್ರೂಸ್ ಭಾರತ್ ಮಿಷನ್ ಕೂಡ ಪರೀಕ್ಷೆಗೆ ಬರುವಂಥದ್ದೇ.

ಇವೆಲ್ಲವನ್ನೂ ನಾವು ಒಂದು ಅಂಕದ ಪ್ರಶ್ನೆಗಳಾಗಿ ಓದಿ ಪುಟ ತಿರುಗಿಸುತ್ತೇವೆ. ಕ್ರೂಸ್ ಮಿಷನ್ನಿನ ಗುರಿಗಳಲ್ಲಿ 2029ರ ಹೊತ್ತಿಗೆ ಐದು ಮರೀನಾಗಳು ಮತ್ತು ನಾಲ್ಕು ಲಕ್ಷ ಉದ್ಯೋಗಗಳಿವೆ. ಹಾಯಿದೋಣಿ ಮತ್ತು ಯಾಟ್ ಪ್ರವಾಸ ಹಾಗೂ ದ್ವೀಪ ಪ್ರವಾಸಗಳನ್ನೂ ಅದು ತನ್ನ ವ್ಯಾಪ್ತಿಗೆ ತಂದಿದೆ. ಆ ಉದ್ಯೋಗಗಳು ಯಾವುವು? ಅದರಲ್ಲಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಹುಡುಗ ಹುಡುಗಿಯರಿಗೆ ಪಾಲಿದೆಯೇ? ಈ ಪ್ರಶ್ನೆ ಯಾವ ಗೈಡ್‌ನಲ್ಲೂ ಇಲ್ಲ. ಪಾಲು ಇದೆ, ಆದರೆ ಅದು ತಾನಾಗಿ ನಮ್ಮ ಮನೆ ಬಾಗಿಲಿಗೆ ಬರುವುದಿಲ್ಲ ಎಂಬುದು ನನ್ನ ವಾದ.

ದ್ವೀಪದಿಂದ ದ್ವೀಪಕ್ಕೆ

ಮೊದಲು ಈ ಪ್ರವಾಸ ಎಂದರೆ ಏನು ಎಂದು ನೋಡೋಣ. ಸಾವಿರಾರು ಜನರನ್ನು ಹೊತ್ತು ಬರುವ ಐಷಾರಾಮಿ ಹಡಗು ಒಂದು ಬಗೆ. ಹತ್ತು ಹದಿನೈದು ಮೀಟರ್ ಉದ್ದದ ಹಾಯಿದೋಣಿಯಲ್ಲಿ ಮೂರ್ನಾಲ್ಕು ಜನ ಹಗಲು ಗಾಳಿ ಹಿಡಿದು ಸಾಗಿ, ಸಂಜೆ ಒಂದು ದ್ವೀಪದ ಮರೆಯಲ್ಲಿ ಲಂಗರು ಹಾಕಿ ಮಲಗಿ, ಬೆಳಿಗ್ಗೆ ಮುಂದಿನ ದ್ವೀಪಕ್ಕೆ ಹೋಗುವುದು ಇನ್ನೊಂದು ಬಗೆ. ಗ್ರೀಸ್, ಕ್ರೊಯೇಷಿಯಾ, ಥಾಯ್ಲೆಂಡ್‌ಗಳಲ್ಲಿ ಈ ಎರಡನೆಯದು ದೊಡ್ಡ ಉದ್ಯಮ. ನಮ್ಮಲ್ಲಿ ವಿದೇಶಿ ಯಾಟ್‌ಗಳು ಕೊಚ್ಚಿಗೂ ಅಂಡಮಾನ್‌ಗೂ ಬಹಳ ಕಾಲದಿಂದ ಬರುತ್ತಿವೆ.

ನಮ್ಮ ರಾಜ್ಯದಲ್ಲೂ ಇದಕ್ಕೆ ಬೇಕಾದ ದ್ವೀಪಗಳಿವೆ. ಮಲ್ಪೆಯಿಂದ ಸುಮಾರು ಆರು ಕಿ.ಮೀ. ದೂರದಲ್ಲಿ ಸೇಂಟ್ ಮೇರಿಸ್, ಮುರುಡೇಶ್ವರದ ಎದುರಿಗೆ ನೇತ್ರಾಣಿ, ಹೊನ್ನಾವರದ ಬಳಿ ಬಸವರಾಜದುರ್ಗ, ಕಾರವಾರದ ಎದುರು ಕೂರ್ಮಗಡ ಮತ್ತು ದೀಪಸ್ತಂಭವಿರುವ ದೇವಗಡ. ಹಾಯಿದೋಣಿಯ ವೇಗ ಐದು ನಾಟ್ ಎಂದಿಟ್ಟುಕೊಳ್ಳಿ. ಅಂದರೆ ಗಂಟೆಗೆ ಒಂಬತ್ತು ಕಿ.ಮೀ.ಗಿಂತ ಸ್ವಲ್ಪ ಹೆಚ್ಚು, ನಮ್ಮ ಊರಿನ ಸೈಕಲ್ಲಿಗಿಂತ ನಿಧಾನ. ಆ ಲೆಕ್ಕದಲ್ಲಿ ಮಲ್ಪೆಯಿಂದ ಕಾರವಾರದವರೆಗೆ ಮೂರ್ನಾಲ್ಕು ದಿನಗಳ ಪ್ರವಾಸವಾಗುತ್ತದೆ. ನವೆಂಬರಿನಿಂದ ಮಾರ್ಚ್‌ವರೆಗೆ ಬೆಳಗಿನ ಜಾವ ನೆಲದ ಕಡೆಯಿಂದ ತೆಳುವಾದ ಗಾಳಿ, ಮಧ್ಯಾಹ್ನದ ನಂತರ ವಾಯವ್ಯದಿಂದ ಚುರುಕಾದ ಕಡಲಗಾಳಿ. ಈ ಎರಡನ್ನು ನಂಬಿಕೊಂಡೇ ನಮ್ಮ ಕರಾವಳಿಯ ಹಾಯಿ ಹಡಗುಗಳು ಶತಮಾನಗಳ ಕಾಲ ಓಡಾಡಿದವು.

ದ್ವೀಪದ ಬಳಿ ಲಂಗರು ಹಾಕುವುದು ಹಗ್ಗ ಕಟ್ಟಿದ ಕಬ್ಬಿಣವನ್ನು ಎಸೆದಷ್ಟು ಸುಲಭವಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತದೋ ಅದರ ವಿರುದ್ಧ ದಿಕ್ಕಿನ ಮರೆ ಹುಡುಕಬೇಕು. ತಳದಲ್ಲಿ ಮರಳಿದೆಯೋ ಬಂಡೆಯಿದೆಯೋ ತಿಳಿಯಬೇಕು. ನೀರಿನ ಆಳದ ಐದು ಪಟ್ಟಾದರೂ ಸರಪಳಿ ಬಿಡಬೇಕು, ಗಾಳಿ ಜೋರಾದರೆ ಇನ್ನೂ ಹೆಚ್ಚು. ಸರಪಳಿ ತಳದಲ್ಲಿ ಅಡ್ಡ ಮಲಗಿದ್ದರೆ ಮಾತ್ರ ಲಂಗರು ಕಚ್ಚಿಕೊಳ್ಳುತ್ತದೆ, ನೇರ ಮೇಲಕ್ಕೆ ಎಳೆದರೆ ಕಿತ್ತು ಬರುತ್ತದೆ. ರಾತ್ರಿ ಗಾಳಿ ತಿರುಗಿದರೆ ದೋಣಿಯೂ ಸುತ್ತು ತಿರುಗುತ್ತದೆ. ಆ ಸುತ್ತಿನೊಳಗೆ ಬಂಡೆಯಾಗಲಿ ಬೇರೆ ದೋಣಿಯಾಗಲಿ ಇರಬಾರದು. ಇದು ಒಂದು ಕಸುಬು. ಕಲಿತವರಿಗೆ ಬರುತ್ತದೆ, ಕಡಲತೀರದಲ್ಲಿ ಹುಟ್ಟಿದ ಮಾತ್ರಕ್ಕೆ ಬರುವುದಿಲ್ಲ.

ಯಾಕೆ ಬೆಳೆದಿಲ್ಲ?

ದ್ವೀಪಗಳಿದ್ದೂ ಈ ಉದ್ಯಮ ಕರ್ನಾಟಕದಲ್ಲಿ ಬೇರೂರದೆ ಇರುವುದಕ್ಕೆ ಕಾರಣಗಳಿವೆ.

ಮೊದಲನೆಯದು ನಿಲ್ಲಲು ಜಾಗವಿಲ್ಲ. ಮರೀನಾ ಎಂದರೆ ಯಾಟ್‌ಗಳ ಬಸ್ ನಿಲ್ದಾಣ. ನೀರು, ವಿದ್ಯುತ್, ಇಂಧನ, ದುರಸ್ತಿ, ಭದ್ರತೆ ಎಲ್ಲ ಒಂದೇ ಕಡೆ ಸಿಗಬೇಕು. ಕೊಚ್ಚಿಯ ಬೋಳ್ಗಾಟ್ಟಿಯಲ್ಲಿ ಅಂಥದ್ದೊಂದು ಇದೆ. ನಮ್ಮಲ್ಲಿ ಬೈಂದೂರಿನಲ್ಲಿ ಮರೀನಾ ಬರಲಿದೆ ಎಂಬ ಸುದ್ದಿ ಕೆಲವು ವರ್ಷಗಳ ಹಿಂದೆಯೇ ಬಂದಿತ್ತು. ಮೀನುಗಾರಿಕೆ ಬಂದರುಗಳಲ್ಲಂತೂ ಮೀನುಗಾರರ ದೋಣಿಗಳಿಗೇ ಜಾಗ ಸಾಲದು. ಅವರ ಜಾಗ ಕಿತ್ತು ಪ್ರವಾಸಿಗರಿಗೆ ಕೊಡುವುದು ನ್ಯಾಯವೂ ಅಲ್ಲ.

ಎರಡನೆಯದು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ಸಣ್ಣ ದೋಣಿಗಳಿಗೆ ಬಾಗಿಲು ಮುಚ್ಚುತ್ತದೆ. ಯಾಂತ್ರೀಕೃತ ಮೀನುಗಾರಿಕೆಗೇ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದೆ. ನಮ್ಮ ದ್ವೀಪಗಳು ಚಿಕ್ಕವು, ಎಲ್ಲ ದಿಕ್ಕಿನಿಂದಲೂ ಮರೆ ಕೊಡುವ ಕೊಲ್ಲಿಗಳು ಅಲ್ಲಿಲ್ಲ. ಮೂರನೆಯದು ಅನುಮತಿ. ಕಾರವಾರದಲ್ಲಿ ನೌಕಾನೆಲೆಯಿದೆ. ಲಕ್ಷದ್ವೀಪಕ್ಕೆ ಹೋಗಲು ಪರ್ಮಿಟ್ ಬೇಕು. ಅಂಡಮಾನಿನಲ್ಲಿ ವಿದೇಶಿ ಯಾಟ್‌ಗಳು ತಾವು ಎಲ್ಲಿದ್ದೇವೆಂದು ದಿನವೂ ವರದಿ ಮಾಡಬೇಕು. 2008ರಲ್ಲಿ ಮುಂಬೈ ದಾಳಿಕೋರರು ಕಡಲ ಮೂಲಕವೇ ಬಂದಿದ್ದನ್ನು ನೆನೆದರೆ ಈ ಎಚ್ಚರಿಕೆ ಅರ್ಥವಾಗುತ್ತದೆ. ಆದರೆ ಎಚ್ಚರಿಕೆಯ ಜೊತೆಗೆ ಸರಳ, ಸ್ಪಷ್ಟ ನಿಯಮವೂ ಇರಬಹುದಲ್ಲವೇ?

ನಾಲ್ಕನೆಯದು ಪರಿಸರ. ನೇತ್ರಾಣಿ ಮತ್ತು ಲಕ್ಷದ್ವೀಪದಲ್ಲಿ ಹವಳವಿದೆ. ಹವಳದ ಮೇಲೆ ಒಂದು ಲಂಗರು ಬಿದ್ದರೆ ಹತ್ತಾರು ವರ್ಷಗಳ ಬೆಳವಣಿಗೆ ಒಂದೇ ಕ್ಷಣದಲ್ಲಿ ಪುಡಿಯಾಗುತ್ತದೆ. ಬೇರೆ ದೇಶಗಳಲ್ಲಿ ಇದಕ್ಕೆ ತಳದಲ್ಲಿ ಶಾಶ್ವತವಾಗಿ ಕಟ್ಟಿದ ತೇಲುಬುರುಡೆಗಳಿರುತ್ತವೆ. ದೋಣಿಗಳು ಲಂಗರು ಹಾಕದೆ ಅದಕ್ಕೇ ಹಗ್ಗ ಕಟ್ಟುತ್ತವೆ. ಮರೀನಾಗಿಂತ ಬಹಳ ಕಡಿಮೆ ಖರ್ಚಿನ ಈ ವ್ಯವಸ್ಥೆಯಿಂದಲೇ ನಮ್ಮ ದ್ವೀಪಗಳ ಕೆಲಸ ಶುರುವಾಗಬೇಕಿತ್ತು.

ಲಕ್ಷದ್ವೀಪ ದೂರವೇನಲ್ಲ

ಲಕ್ಷದ್ವೀಪ ಎಂದರೆ ಕೇರಳಕ್ಕೆ ಸೇರಿದ ವಿಷಯ ಎಂದು ನಮ್ಮಲ್ಲಿ ಹಲವರ ಭಾವನೆ. ಆದರೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಸೇರಿದ ಅಮಿನ್‌ದಿವಿ ದ್ವೀಪಗಳು 1956ರವರೆಗೆ ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ಇಂದಿಗೂ ಮಂಗಳೂರಿನ ಹಳೆ ಬಂದರಿನಿಂದ ಮಂಜಿ ಎಂಬ ಮರದ ಹಡಗುಗಳು ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟ್ ಹೊತ್ತು ಆ ದ್ವೀಪಗಳಿಗೆ ಹೋಗುತ್ತವೆ. ಮೊದಲು ಹಾಯಿಯಲ್ಲಿ ಓಡುತ್ತಿದ್ದವು, ಈಗ ಎಂಜಿನ್ ಬಂದಿದೆ.

ಸಿಮೆಂಟ್ ಎಂದಾಗ ನಮ್ಮ ಕಿವಿ ನೆಟ್ಟಗಾಗಬೇಕು. ವಾಡಿ, ಸೇಡಂ, ಮಳಖೇಡ, ಚಿತ್ತಾಪುರಗಳ ಕಾರ್ಖಾನೆಗಳು ಅರೆಯುವ ಸುಣ್ಣದ ಕಲ್ಲು, ನಮ್ಮ ಮನೆಗಳ ಫರ್ಸಿ, ಎಲ್ಲವೂ ಕೋಟ್ಯಂತರ ವರ್ಷಗಳ ಹಿಂದೆ ಆಳವಿಲ್ಲದ ಕಡಲಿನ ತಳದಲ್ಲಿ ಪದರ ಪದರವಾಗಿ ಕೂತ ಕೆಸರು. ಭೂವಿಜ್ಞಾನಿಗಳು ಆ ಶಿಲೆಗಳಿಗೆ ಸೇಡಂ, ಶಹಾಬಾದ್ ಎಂದು ನಮ್ಮ ಊರುಗಳ ಹೆಸರನ್ನೇ ಇಟ್ಟಿದ್ದಾರೆ. ಮಳಖೇಡದಿಂದ ಆಳಿದ ರಾಷ್ಟ್ರಕೂಟರನ್ನು ಅರಬ್ ಪ್ರವಾಸಿಗರು ಬಲ್ಹರಾ ಎಂದು ಕರೆದು, ಜಗತ್ತಿನ ದೊಡ್ಡ ದೊರೆಗಳ ಸಾಲಿನಲ್ಲಿ ಎಣಿಸಿದರು. ಆ ಅರಬ್ ವ್ಯಾಪಾರಿಗಳು ಬಂದಿದ್ದು ಹಾಯಿ ಹಡಗುಗಳಲ್ಲಿ. ಹಳೆಯ ಹಿರಿಮೆ ಹೊಟ್ಟೆ ತುಂಬಿಸುವುದಿಲ್ಲ, ನಿಜ. ಆದರೆ ಒಳನಾಡಿಗೂ ಕಡಲಿಗೂ ಸಂಬಂಧವೇ ಇಲ್ಲ ಎಂಬ ಮಾತು ಸುಳ್ಳು ಎನ್ನಲು ಇಷ್ಟು ಸಾಕು.

ಕೆಲಸ ಎಂದರೆ ಯಾವ ಕೆಲಸ?

ನಾಲ್ಕು ಲಕ್ಷ ಎಂಬ ಸಂಖ್ಯೆಯನ್ನು ಎಚ್ಚರಿಕೆಯಿಂದ ನೋಡಬೇಕು. ಅದು ಗುರಿ, ಸಾಧನೆಯಲ್ಲ. ಅದರಲ್ಲಿ ಹೆಚ್ಚಿನ ಪಾಲು ದೊಡ್ಡ ಹಡಗು ಮತ್ತು ನದಿ ಪ್ರವಾಸದ್ದು. ಹಾಯಿದೋಣಿಯಿಂದ ರಾತ್ರೋರಾತ್ರಿ ಸಾವಿರಾರು ಜನರಿಗೆ ನೌಕರಿ ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಒಂದು ವ್ಯತ್ಯಾಸ ಗಮನಿಸಿ. ದೊಡ್ಡ ಹಡಗು ಬೆಳಿಗ್ಗೆ ಬಂದು ಸಂಜೆ ಹೊರಡುತ್ತದೆ. ಊಟ, ಹಾಸಿಗೆ, ಅಂಗಡಿ ಎಲ್ಲ ಅದರೊಳಗೇ ಇರುತ್ತದೆ. ಹಾಯಿದೋಣಿ ಒಂದೇ ಕಡೆ ವಾರಗಟ್ಟಲೆ ನಿಲ್ಲುತ್ತದೆ. ತರಕಾರಿ, ನೀರು, ಡೀಸೆಲ್, ದುರಸ್ತಿ ಎಲ್ಲವನ್ನೂ ದಡದಲ್ಲೇ ಕೊಳ್ಳುತ್ತದೆ. ಆ ಹಣ ಸ್ಥಳೀಯರ ಕೈಗೆ ನೇರವಾಗಿ ಬರುತ್ತದೆ.

ಆ ದುರಸ್ತಿಯ ಪಟ್ಟಿ ಮಾಡಿ ನೋಡಿ. ಸಣ್ಣ ಡೀಸೆಲ್ ಎಂಜಿನ್, ಬ್ಯಾಟರಿ ಮತ್ತು ಸೋಲಾರ್ ವೈರಿಂಗ್, ಸ್ಟೇನ್‌ಲೆಸ್ ಸ್ಟೀಲ್ ವೆಲ್ಡಿಂಗ್, ಫೈಬರ್ ಮೈಯ ಬಿರುಕು ಮುಚ್ಚುವುದು, ನೀರಿನ ಪಂಪು, ಫ್ರಿಜ್, ರೇಡಿಯೊ, ಹಾಯಿ ಹೊಲಿಗೆ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ಐಟಿಐಗಳಲ್ಲಿ ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್, ಡೀಸೆಲ್ ಮೆಕ್ಯಾನಿಕ್ ಕಲಿತವರ ಕೆಲಸವೇ. ಮಳೆಗಾಲದಲ್ಲಿ ದೋಣಿಗಳನ್ನು ದಡಕ್ಕೆ ಎತ್ತಿದಾಗ ಈ ಕೆಲಸ ಇನ್ನೂ ಹೆಚ್ಚು. ನಮ್ಮಲ್ಲಿ ಈ ಟ್ರೇಡ್‌ಗಳನ್ನು ಕಲಿಯುವವರು ಒಂದೇ ಗುರಿ ಇಟ್ಟುಕೊಂಡಿರುತ್ತಾರೆ: ಕಾರ್ಖಾನೆ ಗೇಟ್ ಪಾಸ್. ಅದು ಸಿಕ್ಕರೂ ಬಹಳ ಸಲ ಗುತ್ತಿಗೆದಾರನ ಕೈಕೆಳಗೆ. ಸಿಗದವರು ವಾಡಿ ಜಂಕ್ಷನ್‌ನಲ್ಲಿ ರೈಲು ಹತ್ತಿ ಹೈದರಾಬಾದ್, ಪುಣೆ, ಮುಂಬೈ, ಬೆಂಗಳೂರು ಸೇರುತ್ತಾರೆ. ಅದೇ ಸ್ಪ್ಯಾನರ್ ಹಿಡಿದ ಕೈಗೆ ಉಪ್ಪುನೀರಿನ ಯಂತ್ರಗಳ ಆರು ತಿಂಗಳ ತರಬೇತಿ ಸೇರಿದರೆ ಬಂದರುಗಳ ಬಾಗಿಲೂ ತೆರೆಯುತ್ತದೆ. ದೋಣಿ ನಡೆಸುವ ಕಪ್ತಾನ, ಡೆಕ್ ಸಹಾಯಕ, ಅಡುಗೆಯವ, ಜೀವರಕ್ಷಕ ಎಂಬ ಕೆಲಸಗಳು ಅದರ ಮೇಲೆ.

ಮೊದಲು ಈಜು

ಇಲ್ಲಿ ನಮ್ಮ ನಿಜವಾದ ಕೊರತೆ ಬರುತ್ತದೆ. ನಮಗೆ ಈಜು ಬರುವುದಿಲ್ಲ. ಬಾವಿಯಲ್ಲಿ ಕಲಿತ ಹಿರಿಯರ ಕಾಲ ಮುಗಿಯಿತು. ಹೆಣ್ಣುಮಕ್ಕಳಿಗಂತೂ ಆ ಅವಕಾಶವೇ ಇರಲಿಲ್ಲ. ಕಲ್ಲು ತೆಗೆದು ಬಿಟ್ಟ ಗಣಿ ಹೊಂಡಗಳು ಮಳೆಗಾಲದಲ್ಲಿ ತುಂಬಿ, ಅದರಲ್ಲಿ ಮಕ್ಕಳು ಮುಳುಗಿದ ಸುದ್ದಿ ನಮ್ಮ ಕಡೆಯವರಿಗೆ ಹೊಸದಲ್ಲ.

ಒಳನಾಡಿನವರು ಕಡಲನ್ನು ಕಾಣುವುದು ಪ್ರವಾಸಿಗರಾಗಿ ಮಾತ್ರ, ಅದೂ ಸಿದ್ಧತೆಯಿಲ್ಲದೆ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಕಾರವಾರದ ಬಳಿ ಮಗುಚಿ 16 ಜನ ಸತ್ತರು. ಅವರಲ್ಲಿ ಹಲವರು ಹಾವೇರಿ ಜಿಲ್ಲೆಯಿಂದ ಬಂದವರು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಅಲೆಗೆ ಸಿಕ್ಕಿದರು. ಹಾವೇರಿಯಲ್ಲೂ ಕೋಲಾರದಲ್ಲೂ ಕಡಲಿಲ್ಲ, ನಮ್ಮಲ್ಲೂ ಇಲ್ಲ. ದ್ವೀಪ ಪ್ರವಾಸ ಬೆಳೆಸುತ್ತೇವೆ ಎನ್ನುವ ಸರ್ಕಾರ ಒಳನಾಡಿನ ಮಕ್ಕಳಿಗೆ ನೀರಿನ ಶಿಸ್ತು ಕಲಿಸದಿದ್ದರೆ ಇಂಥ ಸುದ್ದಿಗಳು ಹೆಚ್ಚುತ್ತವೆ. ಉದ್ಯೋಗದ ಮಾತು ಹಾಗಿರಲಿ, ಜೀವ ಉಳಿಸಿಕೊಳ್ಳಲಾದರೂ ಇದು ಬೇಕು.

ಕಡಲಿಲ್ಲದ ನಾಡು ಏನು ಮಾಡಬಹುದು ಎಂಬುದಕ್ಕೆ ಉದಾಹರಣೆ ಮಧ್ಯಪ್ರದೇಶ. ಅಲ್ಲಿನ ದೇವಾಸ್ ಜಿಲ್ಲೆಯ ರೈತರ ಮಗಳು ನೇಹಾ ಠಾಕೂರ್ 2023ರ ಸೆಪ್ಟೆಂಬರಿನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಹಾಯಿದೋಣಿ ಸ್ಪರ್ಧೆಯ ಬೆಳ್ಳಿ ಗೆದ್ದರು. ಆಗ ಅವರಿಗೆ 17 ವರ್ಷ. ಅವರು ಕಲಿತದ್ದು ಭೋಪಾಲದ ರಾಷ್ಟ್ರೀಯ ಸೇಲಿಂಗ್ ಶಾಲೆಯಲ್ಲಿ, ಅಲ್ಲಿನ ದೊಡ್ಡ ಕೆರೆಯಲ್ಲಿ. ಇನ್ನೂ ಹತ್ತಿರದ ಉದಾಹರಣೆ ಹೈದರಾಬಾದಿನ ಹುಸೇನ್ ಸಾಗರ. ಸೇನೆಯ ಇಎಂಇ ಸೇಲಿಂಗ್ ಸಂಘ ಅಲ್ಲಿ ಪ್ರತಿ ಮಳೆಗಾಲದಲ್ಲಿ ಸ್ಪರ್ಧೆ ನಡೆಸುತ್ತದೆ. ಯಾಟ್ ಕ್ಲಬ್ ಆಫ್ ಹೈದರಾಬಾದ್ ಬಡ ಕುಟುಂಬಗಳ ಮಕ್ಕಳನ್ನೂ ದೋಣಿ ಹತ್ತಿಸಿ ರಾಷ್ಟ್ರಮಟ್ಟಕ್ಕೆ ತಂದಿದೆ. ವಾಡಿ, ಚಿತ್ತಾಪುರ, ಸೇಡಂ, ತಾಂಡೂರು ದಾಟಿ ಹೋಗುವ ನಮ್ಮದೇ ರೈಲು ಮಾರ್ಗದ ಕೊನೆಯಲ್ಲಿ ಆ ಕೆರೆ ಇದೆ. ಅಲ್ಲಿ ಬೀಸುವ ಮಳೆಗಾಲದ ಗಾಳಿಯೇ ನಮ್ಮ ತೊಗರಿ ಹೊಲಗಳ ಮೇಲೂ ಬೀಸುತ್ತದೆ.

ನೀರೂ ನಮ್ಮಲ್ಲಿ ಇಲ್ಲದಿಲ್ಲ. ಚಿಂಚೋಳಿಯ ಚಂದ್ರಂಪಳ್ಳಿ, ಕೆಳದಂಡೆ ಮುಲ್ಲಾಮಾರಿ, ಹೆರೂರಿನ ಬೆಣ್ಣೆತೊರೆ ಜಲಾಶಯಗಳಿವೆ. ಚಂದ್ರಂಪಳ್ಳಿ ವನ್ಯಜೀವಿ ಧಾಮದೊಳಗಿದೆ, ಅಲ್ಲಿ ಅರಣ್ಯ ಇಲಾಖೆಯ ಮಾತೇ ಅಂತಿಮವಾಗಬೇಕು. ಉಳಿದೆಡೆ ಹಾಯಿದೋಣಿಗೆ ಎಂಜಿನ್ ಇಲ್ಲ, ಹೊಗೆಯಿಲ್ಲ, ಸದ್ದಿಲ್ಲ, ಕುಡಿಯುವ ನೀರಿಗೆ ಎಣ್ಣೆ ಬೀಳುವ ಭಯವೂ ಇಲ್ಲ. ಮಕ್ಕಳು ಕಲಿಯುವ ಆಪ್ಟಿಮಿಸ್ಟ್ ದೋಣಿ ಎರಡೂಕಾಲು ಮೀಟರ್ ಉದ್ದದ್ದು, ಇಬ್ಬರು ಎತ್ತಿ ನೀರಿಗಿಡಬಹುದು.

ಈಗಲೇ ಇರುವ ದಾರಿಗಳು

ಅದೆಲ್ಲ ಆಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಎನ್‌ಸಿಸಿ ಎಂದರೆ ನಮ್ಮ ಕಡೆ ಖಾಕಿ ಸಮವಸ್ತ್ರವೇ ಕಣ್ಣಿಗೆ ಬರುತ್ತದೆ. ಬಿಳಿ ಸಮವಸ್ತ್ರದ ನೌಕಾ ವಿಭಾಗವೂ ಇದೆ. ಅದರ ಅಖಿಲ ಭಾರತ ಯಾಟಿಂಗ್ ಸ್ಪರ್ಧೆ ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ ನಡೆಯುತ್ತದೆ. ಬೆಂಗಳೂರು, ಮಂಗಳೂರಿನ ಕಾಲೇಜುಗಳಿಗೆ ಸೇರುವವರು ಅಲ್ಲಿ ನೌಕಾ ವಿಭಾಗ ಇದೆಯೇ ಎಂದು ಮೊದಲ ವಾರವೇ ವಿಚಾರಿಸಿ. ನೌಕಾಪಡೆಯ ಅಗ್ನಿವೀರರಿಗೂ ತರಬೇತಿ ಅದೇ ಚಿಲ್ಕಾದಲ್ಲಿ. ಎಂಆರ್ ವಿಭಾಗಕ್ಕೆ ಹತ್ತನೇ ತರಗತಿ, ಎಸ್‌ಎಸ್‌ಆರ್‌ಗೆ ಗಣಿತ, ಭೌತಶಾಸ್ತ್ರ ಇರುವ ಪಿಯುಸಿ ಬೇಕು. ನಾಲ್ಕು ವರ್ಷದ ಸೇವೆ ಎಂಬುದನ್ನು ತಿಳಿದೇ ಅರ್ಜಿ ಹಾಕಿ.

ದೋಣಿ ನಡೆಸುವುದು, ಜೀವರಕ್ಷಣೆ ಕಲಿಯಲು ಗೋವಾದಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ. ನಮ್ಮ ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ವ್ಯಾಪಾರಿ ಹಡಗುಗಳಿಗೆ ಹೋಗಬೇಕೆನ್ನುವವರಿಗೆ ಹತ್ತನೇ ತರಗತಿಯ ಮೇಲೆ ಆರು ತಿಂಗಳ ಜಿಪಿ ರೇಟಿಂಗ್ ತರಬೇತಿ ಇದೆ. ಇಂಗ್ಲಿಷ್‌ನಲ್ಲಿ ಕನಿಷ್ಠ ಶೇ 40 ಅಂಕ ಬೇಕು. ನಮ್ಮಲ್ಲಿ ಹಲವರು ಎಡವುವುದು ಇಲ್ಲೇ.

ಇನ್ನೊಂದು ಎಚ್ಚರಿಕೆ. ಹಡಗಿನ ನೌಕರಿ ಕೊಡಿಸುತ್ತೇವೆ ಎಂದು ಮೊಬೈಲಿಗೆ ಸಂದೇಶ ಕಳಿಸುವ ಏಜೆಂಟರಿಗೆ ಲಕ್ಷಗಟ್ಟಲೆ ಕೊಟ್ಟು ಕೂತವರು ನನ್ನ ಪರಿಚಯದಲ್ಲೂ ಇದ್ದಾರೆ. ತರಬೇತಿ ಸಂಸ್ಥೆಗೆ ನೌಕಾಯಾನ ಮಹಾನಿರ್ದೇಶನಾಲಯದ ಮಾನ್ಯತೆ ಇರಬೇಕು. ಕೆಲಸಕ್ಕೆ ಸೇರಿಸುವ ಕಂಪನಿಗೆ ಆರ್‌ಪಿಎಸ್‌ಎಲ್ ಪರವಾನಗಿ ಸಂಖ್ಯೆ ಇರಬೇಕು. ಎರಡೂ ಪಟ್ಟಿಗಳು ನಿರ್ದೇಶನಾಲಯದ ಜಾಲತಾಣದಲ್ಲಿ ಸಿಗುತ್ತವೆ. ನೌಕರಿ ಕೊಡಿಸಲು ನಾವಿಕನಿಂದ ಹಣ ಕೇಳುವಂತಿಲ್ಲ ಎಂಬುದೇ ನಿಯಮ. ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ನಾವು ಕೇಳಬೇಕಾದ್ದು

371ಜೆ ವಿಧಿಯಿಂದ ನಮಗೆ ಸೀಟು, ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ಸಿಕ್ಕಿದೆ. ಅದರಿಂದ ಬದುಕು ಕಟ್ಟಿಕೊಂಡವರು ನಮ್ಮ ಸುತ್ತಲೇ ಇದ್ದಾರೆ. ಆದರೆ ಮೀಸಲಾತಿ ಇರುವ ಹುದ್ದೆಗಳಿಗಿಂತ ಕಾಯುವವರ ಸಾಲು ಉದ್ದ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಜೆಟ್‌ನಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತಿದೆ. ರಸ್ತೆ, ಕಟ್ಟಡಗಳ ನಡುವೆ ಕೌಶಲಕ್ಕೂ ಅದರಲ್ಲಿ ಜಾಗವಿರಬೇಕು.

ನನ್ನ ಬೇಡಿಕೆ ಮೂರು. ಪ್ರತಿ ತಾಲ್ಲೂಕು ಕೇಂದ್ರದಲ್ಲಿ ಒಂದು ಈಜುಕೊಳ, ಅಲ್ಲಿ ಹುಡುಗಿಯರಿಗೆ ಬೇರೆ ಸಮಯ ಮತ್ತು ಮಹಿಳಾ ತರಬೇತುದಾರರು. ಬೆಣ್ಣೆತೊರೆ ಅಥವಾ ಮುಲ್ಲಾಮಾರಿ ಜಲಾಶಯದಲ್ಲಿ ಹತ್ತು ಸಣ್ಣ ಹಾಯಿದೋಣಿಗಳ ಒಂದು ತರಬೇತಿ ಕೇಂದ್ರ. ನಮ್ಮ ಐಟಿಐಗಳಲ್ಲಿ ಬಂದರು ಮತ್ತು ದೋಣಿ ದುರಸ್ತಿಯ ಅಲ್ಪಾವಧಿ ಕೋರ್ಸ್, ಕೊನೆಯ ಎರಡು ತಿಂಗಳು ಮಲ್ಪೆ ಅಥವಾ ಮಂಗಳೂರಿನಲ್ಲಿ. ಈ ಮೂರನ್ನೂ ಸೇರಿಸಿದರೂ ಆ 5,000 ಕೋಟಿಯಲ್ಲಿ ಅದು ಲೆಕ್ಕಕ್ಕೆ ಬರುವ ಮೊತ್ತವಲ್ಲ.

ಕೆಲವರು ಇದನ್ನು ಕೇಳಿ ನಗಬಹುದು. ಕುಡಿಯುವ ನೀರಿಗೇ ಪರದಾಡುವ ಕಡೆ ಹಾಯಿದೋಣಿಯೇ ಎನ್ನಬಹುದು. ಕುಡಿಯುವ ನೀರು ಮೊದಲು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಬೇಡಿಕೆ ಇನ್ನೊಂದನ್ನು ತಡೆಯಬೇಕಿಲ್ಲ. ಮಿಷನ್‌ನ ಐದು ಮರೀನಾಗಳು 2029ರ ಹೊತ್ತಿಗೆ ಬರುತ್ತವೋ ತಡವಾಗುತ್ತವೋ, ಬಂದಾಗ ಅಲ್ಲಿ ತರಬೇತಿ ಇರುವವರನ್ನು ಹುಡುಕುತ್ತಾರೆ. ಈಗ ಪಿಯುಸಿಯಲ್ಲಿ ಇರುವವರು ಆಗ ಕೆಲಸ ಹುಡುಕುತ್ತಿರುತ್ತಾರೆ. ಲೆಕ್ಕ ಹಾಕಿದರೆ ಉಳಿದಿರುವ ಸಮಯ ಬಹಳ ಕಡಿಮೆ. ನಿಮ್ಮ ಕಾಲೇಜಿಗೆ ಶಾಸಕರೋ ಮಂಡಳಿಯ ಅಧಿಕಾರಿಗಳೋ ಬಂದಾಗ ಈಜುಕೊಳದ ಪ್ರಶ್ನೆಯನ್ನಾದರೂ ಎದ್ದು ಕೇಳಿ. ಅದಕ್ಕೂ ಮೊದಲು, ಈ ಬೇಸಿಗೆ ರಜೆಯಲ್ಲಿ ಈಜು ಬಲ್ಲವರು ಯಾರಾದರೂ ಪಕ್ಕದಲ್ಲಿದ್ದರೆ ಅವರಿಂದ ಕಲಿಯಿರಿ.